ಬೀಡಿ ಯಾಕೆ ಆರುತ್ತದೆ?

ಚನ್ನಪಟ್ಟಣದ ಲೇತ್ ಮೇಸ್ತ್ರಿಯೊಬ್ಬರು ನನಗೆ ಗೊಂಬೆ ಮಾಡುವ ಬಗೆ ವಿವರಿಸುತ್ತ ಅರ್ಧ ಗಂಟೆಯಲ್ಲಿ ಒಂದೇ ಬೀಡಿಯನ್ನು ನಾಲ್ಕು ಸಲ ಹಚ್ಚಿದರು. ಆಲೆ ಮರದ ತುಂಡು ಗಿರ್ರನೆ ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣವಾಗಿ ಹತ್ತುತ್ತದೆ. ನಾನು ನೋಡಲು ಹೋದದ್ದು ಅದನ್ನು. ಆದರೆ ಕೆಲಸ ನಿಲ್ಲಿಸಿ ಹೊಸ್ತಿಲಾಚೆ ಬಂದು ಕೂತ ಮೇಲೆ ನನ್ನ ಕಣ್ಣೆಲ್ಲ ಅವರ ಬೆರಳ ಸಂದಿಯಲ್ಲೇ ಇತ್ತು. ಎರಡು ಮಾತು ಆಡುವಷ್ಟರಲ್ಲಿ ಬೀಡಿ ತಣ್ಣಗಾಗಿರುತ್ತಿತ್ತು. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, ಬೇಸರವಿಲ್ಲದೆ ಇನ್ನೊಂದು ಕಡ್ಡಿ ಗೀರುತ್ತಿದ್ದರು.

‘ಮಾತಾಡೋರಿಗೆ ಬೀಡಿ ಆಗಿಬರಲ್ಲ ಸಾರ್,’ ಅಂದರು. ‘ಸಿಗರೇಟಾದ್ರೆ ಅದರ ಪಾಡಿಗೆ ಅದು ಉರ್ಕೊಂಡಿರುತ್ತೆ. ಇದು ಹಂಗಲ್ಲ, ಗಮನ ಕೊಡ್ತಾನೇ ಇರಬೇಕು.’

ಈ ಅಧ್ಯಾಯ ಆ ಮಾತಿನ ಬೆನ್ನು ಹಿಡಿದು ಬರೆದದ್ದು. ಸಿಗರೇಟು ತನ್ನ ಪಾಡಿಗೆ ಯಾಕೆ ಉರಿಯುತ್ತದೆ, ಬೀಡಿ ಯಾಕೆ ಆರುತ್ತದೆ? ಚಿಲ್ಲರೆ ಪ್ರಶ್ನೆ ಅನ್ನಿಸಬಹುದು. ಆದರೆ ಅಗ್ಗದ ಹೊಗೆಯ ಅಸಲಿ ಬೆಲೆ ಗೊತ್ತಾಗುವುದು ಅದರ ಉತ್ತರದಲ್ಲೇ.

ಸಿಗರೇಟಿನಿಂದಲೇ ಶುರುಮಾಡೋಣ. ಅದರ ಗುಟ್ಟು ಸೊಪ್ಪಿನಲ್ಲಿ ಎಷ್ಟಿದೆಯೋ ಕಾಗದದಲ್ಲೂ ಅಷ್ಟೇ ಇದೆ. ಮಾಮೂಲಿ ನೋಟ್‌ಬುಕ್ಕಿನ ಹಾಳೆಯಲ್ಲಿ ಹೊಗೆಸೊಪ್ಪು ಸುತ್ತಿ ಸೇದಿ ನೋಡಿದ ಹಳ್ಳಿ ಹುಡುಗರಿಗೆಲ್ಲ ಗೊತ್ತು, ಅದು ಭಗ್ಗನೆ ಹತ್ತಿ ಹುಬ್ಬು ಸುಡುತ್ತದೆ, ಇಲ್ಲವೇ ಗಂಟಲು ಸುಡುತ್ತದೆ. ಸಿಗರೇಟಿನ ಕಾಗದ ಹಾಗಲ್ಲ. ಅದರ ನಾರಿನ ನಡುವೆ ಸೀಮೆಸುಣ್ಣದ ನುಣ್ಣನೆ ಪುಡಿ ಬೆರೆಸಿರುತ್ತಾರೆ. ಪೊಟ್ಯಾಸಿಯಂ ಅಥವಾ ಸೋಡಿಯಂ ಸಿಟ್ರೇಟಿನಂಥ ಲವಣವೂ ಸೇರಿರುತ್ತದೆ, ಕೆಂಡ ಒಂದೇ ಹದದಲ್ಲಿ ಮುಂದೆ ಸಾಗಲಿ ಅಂತ. ಸುಣ್ಣದ ಕಣಗಳ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ. ಅವುಗಳ ಮೂಲಕ ಕಾಗದ ಸದ್ದಿಲ್ಲದೆ ಉಸಿರಾಡುತ್ತದೆ. ನೀವು ಸಿಗರೇಟನ್ನು ಬೂದಿ ತಟ್ಟೆಯ ಮೇಲಿಟ್ಟು ಫೋನಿನಲ್ಲಿ ಹರಟುತ್ತ ಕೂತರೂ ಕೆಂಡಕ್ಕೆ ಗಾಳಿ ಸಿಗುತ್ತಲೇ ಇರುತ್ತದೆ.

ಈ ಜಾಣತನ ಅತಿಯಾಗಿ, ಹಾಸಿಗೆಯಲ್ಲಿ ಸಿಗರೇಟು ಹಿಡಿದು ನಿದ್ದೆಹೋದವರ ಮನೆಗಳು ಸುಟ್ಟವು. ಅಮೆರಿಕದ ನ್ಯೂಯಾರ್ಕ್ ರಾಜ್ಯ 2004ರಲ್ಲಿ ಕಾನೂನು ಜಾರಿಗೆ ತಂದು, ಸೇದದೆ ಬಿಟ್ಟರೆ ತಾನಾಗಿ ಆರುವಂಥ ಸಿಗರೇಟನ್ನೇ ಮಾರಬೇಕು ಅಂದಿತು. ಕಂಪನಿಗಳು ಕಾಗದದ ಮೇಲೆ ಅಲ್ಲಲ್ಲಿ ಗಾಳಿಯಾಡದ ಪಟ್ಟಿ ಬಳಿದು ಆ ಷರತ್ತು ಪೂರೈಸಿದವು. ನಮ್ಮ ಬೀಡಿ ಇದನ್ನು ಯಾವ ಕಾನೂನೂ ಇಲ್ಲದೆ ಹುಟ್ಟಿನಿಂದಲೇ ಮಾಡಿಕೊಂಡು ಬಂದಿದೆ. ಯಾಕೆಂದರೆ ಅದರ ಮೈ ಪೂರಾ ಗಾಳಿಯಾಡದ ಪಟ್ಟಿಯೇ.

ಬೀಡಿಯ ಹೊದಿಕೆ ಒಂದು ಎಲೆ. ಹಿಂದಿಯವರು ತೇಂದು ಅನ್ನುತ್ತಾರೆ, ನಮ್ಮವರು ಸೀದಾ ಬೀಡಿ ಎಲೆ ಅಂತಾರೆ. ಸಸ್ಯಶಾಸ್ತ್ರದ ಹೆಸರು ಡಯಾಸ್ಪೈರಸ್ ಮೆಲನಾಕ್ಸಿಲಾನ್. ಕರಿಮರವೂ ಪರ್ಸಿಮನ್ ಹಣ್ಣೂ ಇದರ ದಾಯಾದಿಗಳು. ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾ, ತೆಲಂಗಾಣದ ಕಾಡುಗಳಲ್ಲಿ ಬೇಸಿಗೆಗೆ ಮುಂಚೆ ಪೊದೆ ಸವರಿ, ಮಳೆ ಬೀಳುವ ಮೊದಲು ಎಳೆ ಎಲೆ ಕೊಯ್ದು, 50 ಎಲೆಯ ಕಂತೆ ಕಟ್ಟಿ ಬಿಸಿಲಿಗೆ ಹರಡುತ್ತಾರೆ. ಅಂಥ 1,000 ಕಂತೆ ಸೇರಿದರೆ ಒಂದು ‘ಸ್ಟ್ಯಾಂಡರ್ಡ್ ಬ್ಯಾಗ್’. ಒಣಗಿದ ಎಲೆ ನೀರು ಕುಡಿದರೆ ಮತ್ತೆ ತೊಗಲಿನಂತೆ ಮೆತ್ತಗಾಗುತ್ತದೆ, ಸುತ್ತಿದರೆ ಸೀಳುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಈ ಗುಣಕ್ಕಾಗಿಯೇ ಮುತ್ತುಗ, ಮಂದಾರದ ಜಾತಿಯ ಎಲೆಗಳನ್ನೆಲ್ಲ ಹಿಂದೆ ಹಾಕಿ ಇದು ಗೆದ್ದದ್ದು.

ಆದರೆ ಎಲೆ ಎಲೆಯೇ. ಮರದ ಮೇಲಿದ್ದಾಗ ಅದರ ಕೆಲಸ ನೀರು ಸೋರದಂತೆ ನೋಡಿಕೊಳ್ಳುವುದು. ಅದಕ್ಕಾಗಿ ಎಲೆ ತನ್ನ ಮೈಗೆ ಮೇಣ ಸವರಿಕೊಂಡಿರುತ್ತದೆ. ಸತ್ತ ಮೇಲೂ ಆ ಮೇಣದ ಕೋಟು ಹಾಗೇ ಉಳಿಯುತ್ತದೆ. ಹೀಗಾಗಿ ಬೀಡಿಯ ಪಕ್ಕದಿಂದ ಗಾಳಿ ಒಳಗೆ ನುಗ್ಗುವುದು ಅಷ್ಟಕ್ಕಷ್ಟೆ. ಕೆಂಡಕ್ಕೆ ಉಳಿದದ್ದು ಒಂದೇ ದಾರಿ, ಸೇದುವವನ ಉಸಿರು. ಅವನು ಎಳೆದರೆ ಉಂಟು, ಮರೆತರೆ ಆರಿತು.

ಇದು ಪ್ರಯೋಗಶಾಲೆಯಲ್ಲೂ ಫಜೀತಿ ತಂದಿದೆ. ಹೊಗೆ ಅಳೆಯಲು ಒಂದು ಯಂತ್ರವಿದೆ, ಅದು ನಿಮಿಷಕ್ಕೊಮ್ಮೆ, 2 ಸೆಕೆಂಡು, 35 ಮಿಲಿಲೀಟರ್ ಲೆಕ್ಕದಲ್ಲಿ ದಮ್ಮು ಎಳೆಯುತ್ತದೆ. ಸಿಗರೇಟಿಗಾಗಿ ಮಾಡಿದ ಲೆಕ್ಕ ಇದು. ಅದೇ ಯಂತ್ರದ ಬಾಯಿಗೆ ಬೀಡಿ ಇಟ್ಟರೆ ಎರಡನೇ ದಮ್ಮಿನ ಹೊತ್ತಿಗೆ ಕೆಂಡವೇ ಇರುವುದಿಲ್ಲ. ಬೀಡಿ ಅಳೆಯುವವರು ಅರ್ಧ ನಿಮಿಷಕ್ಕೊಂದು ದಮ್ಮು ಅಂತ ಹೊಸ ಲೆಕ್ಕ ಹಾಕಿಕೊಳ್ಳಬೇಕಾಯಿತು. ಮನುಷ್ಯರು ಅದಕ್ಕಿಂತ ಚುರುಕು. ಸಿಗರೇಟು ಸೇದುವವರು ನಿಮಿಷಕ್ಕೆ ಸುಮಾರು 2 ಸಲ ಎಳೆದರೆ, ಬೀಡಿ ಸೇದುವವರು 3ರಿಂದ 5 ಸಲ ಎಳೆಯುತ್ತಾರೆ. ಚಟ ಹೆಚ್ಚು ಅಂತಲ್ಲ, ಬೆಂಕಿ ಉಳಿಸಿಕೊಳ್ಳಲು.

ಇಲ್ಲಿಂದ ಮುಂದಿನ ಕತೆ ಅಷ್ಟು ಹಗುರವಲ್ಲ. ಗಾಳಿ ಸಾಲದ ಕೆಂಡ ಏನು ಮಾಡುತ್ತದೆ ಎಂಬುದು ಸೌದೆ ಒಲೆ ಊದಿದ ಎಲ್ಲರಿಗೂ ಗೊತ್ತು. ಚೆನ್ನಾಗಿ ಗಾಳಿ ಸಿಕ್ಕ ಇದ್ದಿಲು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆ ಅನಿಲ ಮತ್ತೆ ಕೆಂಪಗೆ ಕಾದ ಇದ್ದಿಲಿನ ಮೇಲೆ ಹಾದರೆ ಇನ್ನೊಂದು ಇಂಗಾಲವನ್ನು ಕಿತ್ತುಕೊಂಡು ಕಾರ್ಬನ್ ಮೊನಾಕ್ಸೈಡ್ ಆಗಿಬಿಡುತ್ತದೆ. ಈ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಚಕ್ಕಳಮಕ್ಕಳ ಹಾಕಿ ಕೂತರೆ ಸುಲಭಕ್ಕೆ ಏಳುವುದಿಲ್ಲ. ಸಿಗರೇಟಿನಲ್ಲೂ ಇದು ಹುಟ್ಟುತ್ತದೆ. ಆದರೆ ಹಗುರವಾದ ಈ ಅನಿಲದ ಒಂದು ಪಾಲು ತುಟಿ ತಲುಪುವ ಮೊದಲೇ ಕಾಗದದ ಸಂದುಗಳಿಂದ ಹೊರಗೆ ಜಾರುತ್ತದೆ. ಎಲೆಯ ಕೋಟು ಆ ಕಿಂಡಿಯನ್ನೂ ಮುಚ್ಚಿರುತ್ತದೆ. ಒಳಗೆ ಹುಟ್ಟಿದ್ದೆಲ್ಲ ಒಂದೇ ಬಾಗಿಲಿನಿಂದ ಹೊರಡಬೇಕು. ಆ ಬಾಗಿಲು ಸೇದುವವನ ಬಾಯಿ.

ಬೀಡಿಯೊಳಗೆ ಇರುವ ಸೊಪ್ಪು ಕಾಲು ಗ್ರಾಮಿನಷ್ಟೂ ಇರುವುದಿಲ್ಲ. ಸಿಗರೇಟಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಇರುತ್ತದೆ. ಅಷ್ಟು ಕಡಿಮೆ ಸೊಪ್ಪು ಅಂದಮೇಲೆ ಕಡಿಮೆ ಹಾನಿ ಅಂತ ಲೆಕ್ಕ ಹಾಕುವವರನ್ನು ನಾನು ಬಹಳ ಕಂಡಿದ್ದೇನೆ, ಅವರಲ್ಲಿ ಒಬ್ಬರು ಡಾಕ್ಟರೂ ಇದ್ದರು. 2001ರ ಒಂದು ಅಳತೆಯಲ್ಲಿ ಬೀಡಿ ಸೊಪ್ಪಿನ ಪ್ರತಿ ಗ್ರಾಮಿಗೆ 21.2 ಮಿಲಿಗ್ರಾಂ ನಿಕೋಟಿನ್ ಸಿಕ್ಕಿತು. ಫಿಲ್ಟರ್ ಸಿಗರೇಟಿನಲ್ಲಿ ಸಿಕ್ಕಿದ್ದು 16.3. ಸೊಪ್ಪು ಕಮ್ಮಿ, ಖಾರ ಜಾಸ್ತಿ, ಎಳೆತ ಇನ್ನೂ ಜಾಸ್ತಿ. ಪ್ರಕಾಶ್ ಗುಪ್ತ ಮತ್ತು ಸಂಗಡಿಗರು ಮುಂಬೈಯ ಸುಮಾರು ಒಂದು ಲಕ್ಷ ಜನರ ಬೆನ್ನು ಹಿಡಿದು ವರ್ಷಗಟ್ಟಲೆ ಲೆಕ್ಕ ಇಟ್ಟು 2005ರಲ್ಲಿ ಪ್ರಕಟಿಸಿದರು: ತಂಬಾಕು ಮುಟ್ಟದ ಗಂಡಸರಿಗೆ ಹೋಲಿಸಿದರೆ ಸಿಗರೇಟು ಸೇದುವವರ ಸಾವಿನ ಅಪಾಯ 1.37 ಪಟ್ಟು, ಬೀಡಿ ಸೇದುವವರದು 1.64 ಪಟ್ಟು. ದೇಶದಲ್ಲಿ ಯಾರು ಹೆಚ್ಚು ಅನ್ನುವುದೂ ನೋಡಬೇಕಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 7.7 ಮಂದಿ ಬೀಡಿ ಸೇದುತ್ತಿದ್ದರು, ಶೇ. 4 ಮಂದಿ ಸಿಗರೇಟು.

ಇಷ್ಟೆಲ್ಲ ಓದಿಕೊಂಡಿದ್ದ ನಾನು ಅಗ್ಗದ ಇನ್ನೊಂದು ಹೊಗೆಯನ್ನು ಖುದ್ದಾಗಿ ಪರೀಕ್ಷಿಸುವ ಮೂರ್ಖತನಕ್ಕೆ ಇಳಿದದ್ದು ಒಬ್ಬ ಗೆಳೆಯನ ದೆಸೆಯಿಂದ. ಅವನು ತಿರುಚ್ಚಿಯ ಉರೈಯೂರಿನಿಂದ ಒಂದು ಕಟ್ಟು ಚುಟ್ಟಾ ತಂದಿದ್ದ. ತಮಿಳರು ಸುರುಟ್ಟು ಅನ್ನುವ ಇದು ಕೈಯಲ್ಲಿ ಸುತ್ತಿದ ಬಡವರ ಸಿಗಾರ್. ಒಳಗೂ ಹೊಗೆಸೊಪ್ಪು, ಹೊದಿಕೆಯೂ ಹೊಗೆಸೊಪ್ಪು. ಒಂದು ಕಾಲಕ್ಕೆ ಇದರ ಹೆಸರು ದೊಡ್ಡದು. ದಿಂಡಿಗಲ್ಲಿನಲ್ಲಿ ಸ್ಪೆನ್ಸರ್ ಕಂಪನಿ ಸಿಗಾರ್ ಕಾರ್ಖಾನೆ ನಡೆಸುತ್ತಿತ್ತು. 1887ರಲ್ಲಿ ಬಂದ ಷೆರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ ಪತ್ತೇದಾರ ನೆಲದ ಮೇಲಿನ ಬೂದಿ ನೋಡಿಯೇ ಕೊಲೆಗಾರ ಸೇದಿದ್ದು ತಿರುಚ್ಚಿಯ ಸಿಗಾರ್ ಅಂತ ಹೇಳಿಬಿಡುತ್ತಾನೆ.

ನನ್ನ ಪತ್ತೇದಾರಿಕೆ ಅಷ್ಟು ಹೊತ್ತು ನಡೆಯಲಿಲ್ಲ. ಚುಟ್ಟಾದ ಒಂದು ಬದಿ ಹತ್ತಿತು, ಇನ್ನೊಂದು ಬದಿ ಹಸಿರು ಸೌದೆಯಂತೆ ಸುಮ್ಮನಿತ್ತು. ಮೂರು ಕಡ್ಡಿ ಮುಗಿದ ಮೇಲೆ ಹೊಗೆ ಬಂತು. ನಾನು ಎದೆಗೆ ಎಳೆಯಲೇ ಇಲ್ಲ, ಬಾಯಲ್ಲಿ ಇಟ್ಟುಕೊಂಡು ಬಿಟ್ಟೆ ಅಷ್ಟೆ. ಐದನೇ ದಮ್ಮಿಗೆ ಹಣೆಯಲ್ಲಿ ತಣ್ಣನೆ ಬೆವರು, ಬಾಯಿ ತುಂಬ ನೀರು, ಜಗಲಿಯ ಕಂಬ ನಿಧಾನಕ್ಕೆ ಎಡಕ್ಕೆ ವಾಲತೊಡಗಿತು. ಗೆಳೆಯ ಒಂದು ಚೂರು ಬೆಲ್ಲ ತಂದುಕೊಟ್ಟ. ಎದೆಗೇ ಇಳಿಯದ ಹೊಗೆ ತಲೆಗೆ ಏರಿದ್ದು ಹೇಗೆ?

ಉತ್ತರ ನಮ್ಮ ಹಿರಿಯರ ಅಂಗೈಯಲ್ಲಿದೆ. ಹಳೇ ಮೈಸೂರಿನ ಕಡೆ ಕಡ್ಡಿಪುಡಿ ಹಾಕುವವರನ್ನು ನೋಡಿ. ಅಂಗೈಗೆ ಹೊಗೆಸೊಪ್ಪು ಸುರಿದುಕೊಂಡು, ಹೆಬ್ಬೆರಳ ಉಗುರಿನಲ್ಲಿ ಚೂರು ಸುಣ್ಣ ತೆಗೆದು, ತಿಕ್ಕಿ ತಿಕ್ಕಿ, ತಟ್ಟಿ ಬಾಯಿಗೆ ಹಾಕುತ್ತಾರೆ. ಆ ಸುಣ್ಣ ಯಾಕೆ? ಸೊಪ್ಪಿನೊಳಗೆ ನಿಕೋಟಿನ್ ಎರಡು ವೇಷದಲ್ಲಿ ಇರುತ್ತದೆ. ಆಮ್ಲದ ಜೊತೆ ಲವಣವಾಗಿ ಕಟ್ಟುಬಿದ್ದದ್ದು ಒಂದು, ಬಿಡಿಯಾಗಿ ಇರುವುದು ಇನ್ನೊಂದು. ಕಟ್ಟುಬಿದ್ದದ್ದು ಬಾಯಿಯ ಒಳಪದರವನ್ನು ಸುಲಭವಾಗಿ ದಾಟದು. ಬಿಡಿ ನಿಕೋಟಿನ್ ಸಲೀಸಾಗಿ ದಾಟುತ್ತದೆ. ಪಿಎಚ್ 8ರ ಹತ್ತಿರ ಎರಡೂ ಅರ್ಧರ್ಧ ಇರುತ್ತವೆ. ಪಿಎಚ್ 6ಕ್ಕೆ ಇಳಿಸಿದರೆ ಬಿಡಿಯಾದದ್ದು ನೂರಕ್ಕೆ ಒಂದು ಪಾಲು ಮಾತ್ರ. ಸುಣ್ಣ ಆ ತಕ್ಕಡಿಯನ್ನು ಬಿಡಿಯ ಕಡೆ ವಾಲಿಸುತ್ತದೆ. ರಸಾಯನಶಾಸ್ತ್ರದ ಗಂಧವಿಲ್ಲದ ಅಜ್ಜಿಯಂದಿರೂ ಉಗುರಿನ ತುದಿಯಲ್ಲಿ ಈ ಪ್ರಯೋಗ ಮಾಡುತ್ತ ಬಂದರು.

ಚುಟ್ಟಾದಲ್ಲಿ ಸುಣ್ಣವಿಲ್ಲ, ಆದರೆ ಅದರ ಹೊಗೆ ತಾನೇ ಕ್ಷಾರ. ಇದು ಸೊಪ್ಪನ್ನು ಒಣಗಿಸುವ ರೀತಿಯಿಂದ ಬಂದ ಗುಣ. ಹುಣಸೂರು, ಪಿರಿಯಾಪಟ್ಟಣದ ರೈತರು ಸಿಗರೇಟಿನ ಸೊಪ್ಪನ್ನು ಬ್ಯಾರನ್ನಿನಲ್ಲಿ ನೇತುಹಾಕಿ ಕೆಲವೇ ದಿನಗಳಲ್ಲಿ ಬಿಸಿಗಾಳಿಗೆ ಒಣಗಿಸುತ್ತಾರೆ. ಎಲೆಯೊಳಗಿನ ಪಿಷ್ಟ ಸಕ್ಕರೆಯಾಗುವವರೆಗೆ ಮಾತ್ರ ಅದಕ್ಕೆ ಸಮಯ ಕೊಟ್ಟು, ಆಮೇಲೆ ಬಿಸಿ ಏರಿಸಿ ಕೊಂದುಬಿಡುತ್ತಾರೆ. ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ, ಎಲೆ ಅರಿಸಿನ ಬಣ್ಣಕ್ಕೆ ತಿರುಗುತ್ತದೆ. ಸಕ್ಕರೆ ಸುಟ್ಟರೆ ಹೊಗೆ ಹುಳಿ, ಅಂದರೆ ಆಮ್ಲೀಯ. ಆ ಹೊಗೆಯ ನಿಕೋಟಿನ್ ಬಾಯಲ್ಲಿ ಇಳಿಯದು, ಎದೆಗೇ ಎಳೆಯಬೇಕು. ಗಂಟಲಿಗೆ ಚುಚ್ಚದ ಕಾರಣ ಎಳೆಯುವುದೂ ಸುಲಭ. ಸಿಗರೇಟು ಲೋಕ ಗೆದ್ದದ್ದು ಈ ನಯದಿಂದಲೇ ಅಂತ ನನಗೆ ಅನ್ನಿಸುತ್ತದೆ, ಜಾಹೀರಾತಿನಿಂದ ಆಮೇಲೆ.

ಚುಟ್ಟಾದ ಎಲೆಯದು ಬೇರೆ ಹಣೆಬರಹ. ಅದು ನೆರಳು, ಬಿಸಿಲಿನಲ್ಲಿ ವಾರಗಟ್ಟಲೆ ನಿಧಾನವಾಗಿ ಸಾಯುತ್ತದೆ. ಸಾಯುತ್ತ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಬಳಿಕ ಎಲೆಗಳನ್ನು ಗುಡ್ಡೆ ಹಾಕಿ ಮುಚ್ಚಿಡುತ್ತಾರೆ. ತಿಪ್ಪೆಯ ಒಳಗೆ ಕೈ ಇಟ್ಟರೆ ಬಿಸಿ ತಗಲುತ್ತದಲ್ಲ, ಹಾಗೇ ಈ ಗುಡ್ಡೆಯೂ ಕಾಯುತ್ತದೆ. ಮಗುಚಿ ಹಾಕಿದಾಗ ಕೊಟ್ಟಿಗೆಯ ಗಂಜಲದಂಥ ಘಾಟು ಮೂಗಿಗೆ ಹೊಡೆಯುತ್ತದೆ. ಅದು ಪ್ರೋಟೀನು ಒಡೆದು ಬಂದ ಅಮೋನಿಯ. ಸಕ್ಕರೆ ಹೋಯಿತು, ಅಮೋನಿಯ ಬಂತು, ಹೊಗೆ ಕ್ಷಾರವಾಯಿತು. ನಾನು ಬಾಯಲ್ಲಿ ಹಿಡಿದಿದ್ದು ಸುಣ್ಣ ಹಚ್ಚಿದ ಕಡ್ಡಿಪುಡಿಯ ಆವಿ ಅಂದರೂ ನಡೆದೀತು. ಜೊತೆಗೆ ಹುದುಗುವಾಗ ಸೊಪ್ಪಿನ ನೈಟ್ರೇಟು ನೈಟ್ರೈಟಾಗಿ, ನಿಕೋಟಿನ್ ಬಳಗದೊಡನೆ ಸೇರಿ ನೈಟ್ರೋಸಮೀನುಗಳೆಂಬ ಕ್ಯಾನ್ಸರ್‌ಕಾರಕಗಳೂ ಹುಟ್ಟುತ್ತವೆ. ಎದೆಗೆ ಎಳೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ ಅನ್ನುವ ಸಿಗಾರ್ ಪ್ರಿಯರ ಸಮಾಧಾನಕ್ಕೆ ಬಾಯಿ, ನಾಲಿಗೆ, ಗಂಟಲು ಒಪ್ಪುವುದಿಲ್ಲ.

ಹಾಗಾದರೆ ನನ್ನ ಚುಟ್ಟಾ ಒಂದೇ ಬದಿ ಉರಿದದ್ದು ಯಾಕೆ? ಸುತ್ತುವವರ ಕೈ ಎಡವಿರಬಹುದು, ಸೊಪ್ಪು ಒಂದು ಕಡೆ ಗಂಟುಕಟ್ಟಿರಬಹುದು. ಆದರೆ ಕೆಲವೊಮ್ಮೆ ತಪ್ಪು ಬಾವಿಯ ನೀರಿನದು. ಎಲೆಯಲ್ಲಿ ಪೊಟ್ಯಾಸಿಯಂ ಇದ್ದರೆ ಕೆಂಡ ನಿಲ್ಲುತ್ತದೆ, ಕ್ಲೋರೈಡ್ ಹೆಚ್ಚಾದರೆ ಕೆಂಡ ಸಾಯುತ್ತದೆ. ತಮಿಳುನಾಡಿನ ವೇದಾರಣ್ಯದ ಕಡೆ ಉಪ್ಪುನೀರು ಹಾಯಿಸಿ ಬೆಳೆದ ಸೊಪ್ಪಿಗೆ ಜಗಿಯುವವರಲ್ಲಿ ಬೇಡಿಕೆ. ಅದನ್ನೇ ಸುತ್ತಿ ಹಚ್ಚಿದರೆ ಒದ್ದೆ ಸೆಗಣಿಯ ಬೆರಣಿಯಂತೆ ಹೊಗೆಯಾಡಿ ಸುಮ್ಮನಾಗುತ್ತದೆ. ಸೊಪ್ಪಿನ ಇಂಥ ಗುಣ ಅರಿಯಲು ಸಂಶೋಧಕರೂ ಇಳಿದರು: 1947ರಲ್ಲಿ ರಾಜಮಂಡ್ರಿಯಲ್ಲಿ ಶುರುವಾದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ದಿಂಡಿಗಲ್ಲಿನ ಹತ್ತಿರ ವೇಡಸಂದೂರಿನಲ್ಲಿ ಸಿಗಾರ್, ಚುಟ್ಟಾ ಸೊಪ್ಪಿಗೆಂದೇ ಒಂದು ಕೇಂದ್ರ ತೆರೆಯಿತು.

ಆರುವ ಚುಟ್ಟಾದ ಕಾಟಕ್ಕೆ ಶ್ರೀಕಾಕುಳಂ, ವಿಶಾಖಪಟ್ಟಣದ ಕರಾವಳಿಯ ಹೆಂಗಸರು ಕಂಡುಕೊಂಡ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವರು ಕೆಂಡದ ತುದಿಯನ್ನೇ ಬಾಯೊಳಗೆ ಇಟ್ಟುಕೊಂಡು ಸೇದುತ್ತಾರೆ. ತೆಲುಗಿನಲ್ಲಿ ಅದಕ್ಕೆ ಅಡ್ಡಪೊಗ ಅಂತ ಹೆಸರು. ಕೇಳಿದರೆ, ಗಾಳಿಗೆ ಆರುವುದಿಲ್ಲ, ಬೂದಿ ಬೀಳುವುದಿಲ್ಲ ಅನ್ನುತ್ತಾರೆ. ಅಂಗುಳಿನ ಕ್ಯಾನ್ಸರ್ ಬೇರೆ ಕಡೆ ಅಪರೂಪ, ಅಲ್ಲಿ ಅಲ್ಲ. 1960ರ ದಶಕದಿಂದ ಫಾಲಿ ಮೆಹ್ತಾ, ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್ ಮೊದಲಾದ ವೈದ್ಯರು ಈ ಬಾಯಿಗಳನ್ನು ಪರೀಕ್ಷಿಸಿ ದಾಖಲಿಸಿದ್ದಾರೆ.

ಮತ್ತೆ ಚನ್ನಪಟ್ಟಣಕ್ಕೆ. ಮೇಸ್ತ್ರಿ ತಮ್ಮ ಮೋಟು ಬೀಡಿಯನ್ನು ದಾರದವರೆಗೆ ಸೇದಿ ಎಸೆದು, ‘ಕಟ್ಟೋದು ನೋಡ್ಬೇಕಾ? ಹಿಂದಿನ ಓಣೀಲಿ ನೋಡಿ’ ಅಂದರು. ಹೋದೆ. ಅಲ್ಲಿ ಬೀಡಿ ಕಟ್ಟುತ್ತ ಬಾಗಿಲ ಬೆಳಕಿಗೆ ಮುಖ ಮಾಡಿ ಕೂತಿದ್ದ ಒಬ್ಬ ಅಮ್ಮನ ತೊಡೆಯ ಮೇಲೆ ಒಂದು ಮೊರ. ಮೊರದ ಒಂದು ಬದಿ ಒದ್ದೆ ಗೋಣಿಯಲ್ಲಿ ಸುತ್ತಿದ ಎಲೆ, ಇನ್ನೊಂದು ಬದಿ ಕಂದು ಬಣ್ಣದ ಪುಡಿ. ಈ ಪುಡಿ ಬರುವುದು ಗುಜರಾತಿನ ಖೇಡಾ, ಆಣಂದ ಕಡೆಯಿಂದ, ಇಲ್ಲವೇ ನಮ್ಮ ನಿಪ್ಪಾಣಿಯಿಂದ. ನಿಪ್ಪಾಣಿಯ ರೈತರು ಈ ಸೊಪ್ಪಿನ ಬೆಲೆಗಾಗಿಯೇ 1981ರಲ್ಲಿ ಹೆದ್ದಾರಿಯಲ್ಲಿ ಬೀಡುಬಿಟ್ಟು ಗೋಲಿಬಾರಿಗೆ ಎದೆಕೊಟ್ಟವರು.

ಅಮ್ಮನ ಕೈ ನೋಡುವುದೇ ಒಂದು ಪಾಠ. ತಗಡಿನ ಅಚ್ಚು ಎಲೆಯ ಮೇಲೆ, ಕತ್ತರಿ ಅದರ ಸುತ್ತ, ದಪ್ಪ ನರವೊಂದನ್ನು ಉಗುರಿನಿಂದ ಕೆರೆದು ಚಪ್ಪಟೆ ಮಾಡಿದ್ದು, ಚಿಟಿಕೆ ಪುಡಿ ಉದ್ದಕ್ಕೆ ಹರಡಿದ್ದು, ಎರಡು ಹೆಬ್ಬೆರಳು ಸೇರಿ ಒಂದೇ ಉರುಳು. ಅಗಲದ ತುದಿಯನ್ನು ಒಳಗೆ ಮಡಚಿ, ಸಪೂರ ತುದಿಗೆ ನೂಲು ಸುತ್ತಿ ಎಳೆದರೆ ಮುಗಿಯಿತು. ಬಿಗಿ ಹೆಚ್ಚಾದರೆ ಗಾಳಿ ಹೋಗದು, ಸಡಿಲವಾದರೆ ಪುಡಿ ಬಾಯಿಗೆ ಬರುತ್ತದೆ. ಆ ಹದ ಅವರ ಹೆಬ್ಬೆರಳಿಗೆ ಮಾತ್ರ ಗೊತ್ತು. ಇಪ್ಪತ್ತೈದಕ್ಕೊಂದು ಕಟ್ಟು. ದಿನಕ್ಕೆ ಎಷ್ಟು ಅಂತ ಕೇಳಿದೆ.

‘ಕೈ ಒದಗಿದ್ರೆ ಎಂಟುನೂರು ಅಣ್ಣಾ. ಮೊದ್ಲು ಸಾವಿರ ಆಗ್ತಿತ್ತು.’

ಕೂಲಿ ಸಾವಿರದ ಲೆಕ್ಕದಲ್ಲಿ. ಎಲೆ, ಪುಡಿ ಕೊಡುವುದು ಗುತ್ತಿಗೆದಾರ, ತೂಕ ಮಾಡಿ. ಎಲೆ ಹರಿದರೂ, ತೂತು ಬಿದ್ದರೂ ಬೀಡಿಯ ಎಣಿಕೆ ಮಾತ್ರ ಕಮ್ಮಿಯಾಗುವಂತಿಲ್ಲ, ಸಾಲದ್ದಕ್ಕೆ ಎಲೆಯನ್ನು ಕೈಯಿಂದ ಕೊಂಡು ಹಾಕಬೇಕು. ಚೆನ್ನಾಗಿಲ್ಲ ಅಂತ ಅವನು ಬದಿಗೆ ತೆಗೆದಿಟ್ಟ ಬೀಡಿಗೆ ಕೂಲಿ ಇಲ್ಲ. ಆ ಬೀಡಿ ವಾಪಸ್ಸೂ ಬರುವುದಿಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗೆಂದು 1966ರಲ್ಲೇ ಒಂದು ಕಾಯ್ದೆ ಬಂದಿತ್ತು, 1976ರಲ್ಲಿ ಕಲ್ಯಾಣ ನಿಧಿಯೂ ಬಂತು. ಆ ನಿಧಿಗೆ ಹಣ ತರುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು.

ಅವರು ಒಂದು ಬೀಡಿಯನ್ನೂ ಸೇದಿದವರಲ್ಲ. ಆದರೂ ತಲೆ ಸುತ್ತು, ಕೆಮ್ಮು ಇದ್ದದ್ದೇ ಅಂದರು. ಮುಂಬೈಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ರಜನಿ ಭಿಸೆ ಮತ್ತು ಸಂಗಡಿಗರು ಬೀಡಿ ಕಟ್ಟುವವರ ಮೂತ್ರ ಪರೀಕ್ಷಿಸಿದಾಗ ಅದರಲ್ಲಿ ಕೋಟಿನಿನ್ ಸಿಕ್ಕಿತ್ತು. ದೇಹದೊಳಕ್ಕೆ ಹೋದ ನಿಕೋಟಿನ್ ಒಡೆದು ಹೊರಬರುವ ರೂಪ ಅದು. ಬೆರಳ ಚರ್ಮದಿಂದಲೂ ಮೂಗಿಗೆ ಏರುವ ದೂಳಿನಿಂದಲೂ ಸೊಪ್ಪು ಮೈ ಸೇರುತ್ತದೆ. ನಾನು ಐದು ದಮ್ಮಿಗೆ ಕಂಡ ವಾಲುವ ಕಂಬವನ್ನು ಇವರು ಬೆಂಕಿಯೇ ಇಲ್ಲದೆ ಕಂಡಿದ್ದರು.

ನಾನೂ ಒಂದು ಕಟ್ಟಿ ನೋಡಲೇ ಅಂದೆ. ನಕ್ಕು ಕತ್ತರಿಸಿದ ಎಲೆಯೊಂದನ್ನು ಕೊಟ್ಟರು. ನನ್ನ ಬೀಡಿ ನಡುವೆ ಉಬ್ಬಿತ್ತು, ತುದಿ ಮಡಚುವಾಗ ಎಲೆ ಚರಕ್ಕೆಂದಿತು. ಅಮ್ಮ ಅದನ್ನು ಇಸಿದುಕೊಂಡು ಬಿಚ್ಚಿದರು. ಪುಡಿಯನ್ನು ಒಂದು ಕಣವೂ ಆಚೀಚೆ ಹೋಗದಂತೆ ಮೊರಕ್ಕೆ ಕೊಡವಿದರು. ಹರಿದ ಎಲೆಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ, ‘ಅಂಚು ತೆಗೆದ್ರೆ ಇನ್ನೊಂದಾಗುತ್ತೆ’ ಅನ್ನುತ್ತ ಕತ್ತರಿ ಎತ್ತಿಕೊಂಡರು.